ಬ್ರಹ್ಮಾಂಡದ ‘ದೋಷ’ಕ್ಕೆ ಶಾಂತಿ ಬೇಡ, ಮೇಷ್ಟ್ರೇ

ಪ್ರಶ್ನೆ: ನಾನು ತರೀಕೆರೆ ಕಡೆಯವನು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ವಿಶ್ವ ಹುಟ್ಟಿದ ಹೊಸದರಲ್ಲಿ ಉಂಟಾದ ‘ಕಾಸ್ಮಿಕ್ ಡಿಫೆಕ್ಟ್’ಗಳು, ಅವುಗಳಿಂದ ಬರುವ ಗುರುತ್ವದ ಅಲೆಗಳು, ಇದರ ಮೇಲೆ ಪಿಎಚ್.ಡಿ. ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನನ್ನ ಬಾಮೈದ ಒಂದು ವಿಡಿಯೊ ಕಳಿಸಿದ. ಬ್ರಹ್ಮಾಂಡದಲ್ಲಿ ಬಿರುಕು ಬಿಟ್ಟಿದೆ, ಅದು ಭೂಮಿಯನ್ನು ಸೀಳಿಕೊಂಡು ಹೋಗಬಹುದು, 2023ರಲ್ಲೇ ಇದು ಸಾಬೀತಾಗಿದೆ ಅಂತೆಲ್ಲ ಅದರಲ್ಲಿದೆ. ಇನ್ನೊಬ್ಬ ಗೆಳೆಯರು ಇದೆಲ್ಲ ಸ್ಟ್ರಿಂಗ್ ಥಿಯರಿ, ಸುಮ್ನೆ ಕಾಗದದ ಮೇಲಿನ ಲೆಕ್ಕ ಎನ್ನುತ್ತಾರೆ. ನಮ್ಮ ತಾಯಿಯಂತೂ ‘ದೋಷ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶಾಂತಿ ಮಾಡಿಸಿ ಅಂತ ಕೂತಿದ್ದಾರೆ. ಯಾರೂ ಕಂಡಿಲ್ಲದ ವಸ್ತುವಿನ ಮೇಲೆ ಹುಡುಗಿ ಐದಾರು ವರ್ಷ ಕಳೆಯುವುದು ಸರಿಯೇ? ಬಿಡಿಸಿ ಹೇಳಿ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ನಿಮ್ಮ ನಿದ್ದೆ ಕೆಡಿಸಿರುವುದು ಕೊನೆಯದು ಮಾತ್ರ ಅಂತ ನನ್ನ ಊಹೆ. ಆದರೆ ಉಳಿದ ಮೂರನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ. ನಾನು ಸತ್ತ ನಕ್ಷತ್ರಗಳಾದ ಪಲ್ಸಾರ್‌ಗಳ ಮಾಹಿತಿ ಇಟ್ಟುಕೊಂಡು ಗುರುತ್ವದ ಅಲೆ (ಭಾರದ ವಸ್ತುಗಳು ಅಲುಗಾಡಿದಾಗ ಜಾಗದಲ್ಲೇ ಏಳುವ ತರಂಗ) ಹುಡುಕುವ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಹಾಗಾಗಿ ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹೇಳಿಬಿಡಬಹುದು, ಸಹಿಸಿಕೊಳ್ಳಿ.

ಮೊದಲು ಅಮ್ಮನವರ ಆತಂಕ. ತಪ್ಪು ಅವರದಲ್ಲ, ಅನುವಾದದ್ದು. ಹರಳುಗಳನ್ನು ಅಧ್ಯಯನ ಮಾಡುವವರು, ಅಣುಗಳ ಸಾಲು ಎಲ್ಲಿ ತಪ್ಪಿದೆಯೋ ಆ ಜಾಗಕ್ಕೆ ಡಿಫೆಕ್ಟ್ ಎನ್ನುತ್ತಿದ್ದರು. ವಿಶ್ವದ ಲೆಕ್ಕ ಹಾಕುವವರು ಆ ಪದವನ್ನು ಕಡ ತಂದರು. ನಾವು ಅದನ್ನು ‘ದೋಷ’ ಅಂದದ್ದೇ ತಡ, ಕುಜದೋಷ, ಸರ್ಪದೋಷಗಳ ಪಕ್ಕದಲ್ಲಿ ಹೋಗಿ ಕೂತಿತು. ಬಿರುಕು ಅನ್ನುವುದೂ ಸರಿಯಲ್ಲ. ಏನೂ ಒಡೆದಿಲ್ಲ. ನನ್ನನ್ನು ಕೇಳಿದರೆ ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಮೊದಲೇ ಇದೆ. ಸುಳಿ.

ಯಾವುದಾದರೂ ಮಗುವಿನ ನೆತ್ತಿ ನೋಡಿ. ಕೂದಲು ಸುತ್ತಿಕೊಂಡು ಬಂದಿರುತ್ತದೆ, ನಡುವೆ ಒಂದು ಚುಕ್ಕೆ. ಸುತ್ತಲಿನ ಪ್ರತಿ ಕೂದಲಿಗೂ ಒಂದು ದಿಕ್ಕಿದೆ. ಆ ಚುಕ್ಕೆಗೆ ಮಾತ್ರ ಇಲ್ಲ. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಸುಳಿ ಒಂದಿಷ್ಟು ಆಚೀಚೆ ಸರಿದೀತು, ಹೋಗುವುದಿಲ್ಲ. ಯಾಕೆ ಅಂತ ನಿಮಗೆ ಹೇಳುವುದು ಸುಲಭ, ಗಣಿತದವರು. ಸುಳಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಕೂದಲಿನ ದಿಕ್ಕು ಸರಿಯಾಗಿ ಒಂದು ಪೂರ್ತಿ ಸುತ್ತು, ಅಂದರೆ 360 ಡಿಗ್ರಿ, ತಿರುಗಿರುತ್ತದೆ. ಮುಕ್ಕಾಲು ಸುತ್ತು, ಅರ್ಧ ಸುತ್ತು ಅಂತ ಮೆಲ್ಲಗೆ ಕಡಿಮೆ ಮಾಡುತ್ತಾ ಸೊನ್ನೆಗೆ ತರೋಣವೆಂದರೆ ಆಗುವುದಿಲ್ಲ. ಹೊರಟ ಜಾಗಕ್ಕೆ ವಾಪಸ್ ಬಂದಾಗ ದಿಕ್ಕು ಮೊದಲಿನದೇ ಆಗಿರಬೇಕಲ್ಲ. ಹಾಗಾಗಿ ಸುತ್ತುಗಳು ಪೂರ್ಣಾಂಕದಲ್ಲೇ ಇರಬೇಕು. ಪೂರ್ಣಾಂಕವನ್ನು ತಿಕ್ಕಿ ಅಳಿಸಲು ಬರುವುದಿಲ್ಲ.

ಇದನ್ನೇ ಮೂರು ಆಯಾಮಕ್ಕೆ ತನ್ನಿ. ಪದರದ ಮೇಲೆ ಪದರ, ಪ್ರತಿ ಪದರದಲ್ಲೂ ಒಂದು ಸುಳಿ. ಸುಳಿಗಳ ಚುಕ್ಕೆಗಳೆಲ್ಲ ಸೇರಿ ಒಂದು ದಾರವಾಗುತ್ತದೆ. ಈ ದಾರ ಮಧ್ಯದಲ್ಲಿ ಎಲ್ಲೋ ಸುಮ್ಮನೆ ಮುಗಿಯುವಂತಿಲ್ಲ. ಒಂದೋ ಕೊನೆಯಿಲ್ಲದೆ ಹೋಗಬೇಕು, ಇಲ್ಲವೇ ಬಳೆಯ ಹಾಗೆ ತನ್ನ ತುದಿಯನ್ನು ತಾನೇ ಸೇರಬೇಕು. ಕಾಸ್ಮಿಕ್ ಸ್ಟ್ರಿಂಗ್ ಅಂದರೆ ಇದು. ನಿಮ್ಮ ಮಗಳು ಹೇಳುವ ಡಿಫೆಕ್ಟ್‌ಗಳಲ್ಲಿ ಮುಖ್ಯವಾದದ್ದೂ ಇದೇ.

ಸುಳಿ ಬಿದ್ದದ್ದು ಹೇಗೆ? 1976ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಟಾಮ್ ಕಿಬಲ್ ಇದಕ್ಕೆ ಉತ್ತರ ಕೊಟ್ಟರು. ಅಂದಹಾಗೆ ಅವರು ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ, 1932ರಲ್ಲಿ. ತಂದೆ ಅಲ್ಲಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಕಿಬಲ್ ಅವರ ವಾದ ಹೀಗೆ: ವಿಶ್ವ ವಿಪರೀತ ಬಿಸಿ ಇದ್ದಾಗ ಎಲ್ಲ ಕಡೆ ತುಂಬಿದ್ದ, ಕಾಂತದ ಸುತ್ತ ಇರುವಂಥ ಒಂದು ಕ್ಷೇತ್ರಕ್ಕೆ (ಫೀಲ್ಡ್) ಯಾವ ದಿಕ್ಕೂ ಇರಲಿಲ್ಲ. ಹಿಗ್ಗಿ ತಣ್ಣಗಾಗುತ್ತಾ ಒಂದು ಹಂತದಲ್ಲಿ ಅದು ಯಾವುದಾದರೂ ಒಂದು ದಿಕ್ಕನ್ನು ಆರಿಸಿಕೊಳ್ಳಲೇಬೇಕಾಯಿತು. ಯಾವ ದಿಕ್ಕಾದರೂ ಸರಿಯೇ, ಆದರೆ ಒಂದು ಬೇಕು. ಈ ಮೂಲೆಯ ಆಯ್ಕೆ ಆ ಮೂಲೆಗೆ ತಿಳಿಯಬೇಕಾದರೆ ಸುದ್ದಿ ಹೋಗಬೇಕಲ್ಲ. ಬೆಳಕಿಗಿಂತ ಬೇಗ ಸುದ್ದಿ ಹೋಗುವುದಿಲ್ಲ. ವಿಶ್ವಕ್ಕೆ ಆಗ ವಯಸ್ಸು ಒಂದು ಸೆಕೆಂಡಿನ ಊಹಿಸಲಾಗದ ತುಣುಕು. ಒಬ್ಬರನ್ನೊಬ್ಬರು ಕೇಳದೆ ಪ್ರತಿ ಪ್ರದೇಶವೂ ತನಗೆ ತೋಚಿದ ದಿಕ್ಕು ಹಿಡಿಯಿತು. ಅವು ಸಂಧಿಸಿದ ಕಡೆ ಕೆಲವೆಡೆ ಹೊಂದಿಕೊಂಡವು, ಕೆಲವೆಡೆ ಸುಳಿ ಬಿತ್ತು.

ಸುಳಿಯ ನಡುವೆ ಇರುವುದೇನು? ರಾಗಿಮುದ್ದೆ ತಿರುವುವಾಗ ಕೈ ಸ್ವಲ್ಪ ನಿಧಾನವಾದರೆ ಗಂಟು ಉಳಿಯುತ್ತದೆ ನೋಡಿ. ಮುದ್ದೆಯೆಲ್ಲ ಬೆಂದಿರುತ್ತದೆ, ಗಂಟು ಒಡೆದರೆ ಒಳಗೆ ಹಸಿ ಹಿಟ್ಟು ಹಾಗೇ ಇರುತ್ತದೆ. ದಾರದ ತಿರುಳೂ ಹಾಗೆಯೇ. ಹೊರಗಿನ ವಿಶ್ವ ಹೊಸ ಸ್ಥಿತಿಗೆ ಬಂದಿದೆ. ತಿರುಳಿನೊಳಗೆ ಮಾತ್ರ ಆ ಹಳೆಯ ಬಿಸಿ ಸ್ಥಿತಿಯ ಶಕ್ತಿ ಸಿಕ್ಕಿಹಾಕಿಕೊಂಡಿದೆ. ಶಕ್ತಿ ಅಂದರೆ ತೂಕ. ದಾರ ಪ್ರೋಟಾನಿಗಿಂತ ಲಕ್ಷ ಕೋಟಿ ಪಟ್ಟಿಗೂ ಜಾಸ್ತಿ ತೆಳು ಇರಬಹುದು, ಆದರೆ ಭಾರ ನಂಬಲಾಗದಷ್ಟು. 1980ರ ದಶಕದಲ್ಲಿ ಜನ ಲೆಕ್ಕ ಹಾಕುತ್ತಿದ್ದ ಅತಿ ಭಾರದ ದಾರವಾದರೆ ಸುಮಾರು 55 ಮೀಟರ್ ಉದ್ದಕ್ಕೆ ನಮ್ಮ ಚಂದ್ರನಷ್ಟು ತೂಕ.

ಇದೆಲ್ಲ ಕಾಗದದ ಮೇಲಿನ ಲೆಕ್ಕ ಎಂದರು ನಿಮ್ಮ ಗೆಳೆಯರು. ಅರ್ಧ ನಿಜ. ವಿಶ್ವದ ದಾರವನ್ನು ಯಾರೂ ನೋಡಿಲ್ಲ. ಆದರೆ ಅದು ಹುಟ್ಟುವ ಬಗೆಯನ್ನು ಕಣ್ಣಾರೆ ನೋಡಬಹುದು, ನಾನು ನೋಡಿದ್ದೇನೆ. ಎಂ.ಎಸ್ಸಿ. ಓದುವಾಗ ಒಬ್ಬ ಮೇಷ್ಟ್ರು ಸೂಕ್ಷ್ಮದರ್ಶಕದ ಕೆಳಗೆ ಲಿಕ್ವಿಡ್ ಕ್ರಿಸ್ಟಲ್‌ನ ಒಂದು ಹನಿ ಇಟ್ಟರು. ನಿಮ್ಮ ಕ್ಯಾಲ್ಕುಲೇಟರಿನ ಪರದೆಯಲ್ಲಿ ಇರುತ್ತದಲ್ಲ, ಆ ಜಾತಿಯ ದ್ರವ. ಬಿಸಿ ಇದ್ದಾಗ ಏನೂ ಕಾಣದು, ಪೂರ್ತಿ ಕಪ್ಪು. ಅವರು ಹೀಟರಿನ ಗುಂಡಿಯನ್ನು ಒಂದು ಗೆರೆ ಹಿಂದಕ್ಕೆ ತಿರುಗಿಸಿದರು. ಕಪ್ಪಿನಲ್ಲಿ ಚಿಕ್ಕ ಚಿಕ್ಕ ಬಣ್ಣದ ಗುಳ್ಳೆಗಳು ಎದ್ದವು. ದೊಡ್ಡವಾದವು, ಒಂದಕ್ಕೊಂದು ತಾಗಿದವು, ಕೂಡಿಕೊಂಡವು. ಕೂಡಿದ ಕಡೆ ಕೂದಲಿನಂಥ ಗೆರೆಗಳು ಉಳಿದವು. ಗೆರೆಗಳು ಮಿಸುಕಾಡುತ್ತಿದ್ದವು. ಎರಡು ಗೆರೆಗಳು ಅಡ್ಡಹಾಯ್ದಾಗ ತುದಿ ಅದಲುಬದಲು ಮಾಡಿಕೊಂಡು ಬೇರೆಯಾದವು. ಒಂದು ಬಳೆ ಕಳಚಿಕೊಂಡಿತು, ಸುರುಟುತ್ತಾ ಸುರುಟುತ್ತಾ ಚುಕ್ಕೆಯಾಗಿ ಇಲ್ಲವಾಯಿತು. ನಾನು ಕಣ್ಣು ತೆಗೆಯಲಿಲ್ಲ, ಹಿಂದಿನ ಹುಡುಗ ಭುಜ ತಟ್ಟಿ ಎಬ್ಬಿಸಬೇಕಾಯಿತು. 1990ರ ದಶಕದ ಮೊದಲಲ್ಲಿ ಕಿಬಲ್ ಅವರ ಲೆಕ್ಕವನ್ನು ಇಂಥದೇ ಹನಿಗಳಲ್ಲಿ ಪರೀಕ್ಷೆ ಮಾಡಿದರು. ಅದರಲ್ಲಿ ಕೈಯಿದ್ದ ಅಜಿತ್ ಮೋಹನ್ ಶ್ರೀವಾಸ್ತವ ಮುಂದೆ ಭುವನೇಶ್ವರದಲ್ಲಿ ಕೆಲಸ ಮಾಡಿದರು. ಇನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಂತೂ ಲಿಕ್ವಿಡ್ ಕ್ರಿಸ್ಟಲ್‌ಗಳಿಗೆ ತವರುಮನೆ ಇದ್ದ ಹಾಗೆ. ತಟ್ಟೆಯಾಕಾರದ ಅಣುಗಳೂ ಇಂಥ ದ್ರವವಾಗುತ್ತವೆ ಅಂತ 1977ರಲ್ಲಿ ಎಸ್. ಚಂದ್ರಶೇಖರ್ ಅವರ ತಂಡ ತೋರಿಸಿದ್ದು ಅಲ್ಲೇ.

ಸ್ಟ್ರಿಂಗ್ ಥಿಯರಿ, ಅಂದರೆ ಎಲ್ಲ ಕಣಗಳೂ ಅತಿಸೂಕ್ಷ್ಮ ತಂತಿಗಳ ಮಿಡಿತ ಎನ್ನುವ ಸಿದ್ಧಾಂತ, ಬೇರೆ; ಇದು ಬೇರೆ. ಹೆಸರು ಒಂದೇ ಆದ್ದರಿಂದ ಬಂದ ಗೊಂದಲ, ನಮ್ಮ ಊರಿನಲ್ಲಿ ಮೂರು ಜನ ಮಂಜುನಾಥರಿದ್ದ ಹಾಗೆ. ಕಿಬಲ್ ಅವರ ದಾರಕ್ಕೆ ಸ್ಟ್ರಿಂಗ್ ಥಿಯರಿ ಬೇಕಿಲ್ಲ. ಅದು ಸುಳ್ಳಾದರೂ ಈ ದಾರ ಇರಬಹುದು. ಸ್ಟ್ರಿಂಗ್ ಥಿಯರಿಯ ಅತಿಸೂಕ್ಷ್ಮ ತಂತಿಗಳು ಹಿಗ್ಗಿ ಆಕಾಶದಗಲ ಆಗಿರಬಹುದು ಎಂಬ ವಿಚಾರ 2000ದ ಈಚೆಗೆ ಮತ್ತೆ ಜೀವ ಪಡೆಯಿತು. ಅದಕ್ಕೆ ಕಾಸ್ಮಿಕ್ ಸೂಪರ್‌ಸ್ಟ್ರಿಂಗ್ ಎನ್ನುತ್ತಾರೆ. ಸಂಬಂಧ ಅಷ್ಟೇ, ದೂರದ ನೆಂಟಸ್ತನ.

ದಾರವಲ್ಲದೆ ಗೋಡೆ, ಚುಕ್ಕೆ ಎಂಬ ಜಾತಿಗಳೂ ಇವೆ. ಹಾಲ್‌ಗೆ ಇಬ್ಬರು ಗಾರೆಯವರು ಎರಡು ತುದಿಯಿಂದ ಟೈಲ್ಸ್ ಹಾಕುತ್ತಾ ಬಂದರೆ ನಡುವೆ ಸಾಲು ಕೂಡದೆ ಒಂದು ಗೆರೆ ಬೀಳುತ್ತದಲ್ಲ, ಗೋಡೆ ಅಂದರೆ ಹಾಗೆ. ಇಂಥ ಗೋಡೆಗಳು ಇಂದಿನವರೆಗೆ ಉಳಿದಿದ್ದರೆ ವಿಶ್ವದ ಶಕ್ತಿಯನ್ನೆಲ್ಲ ಅವೇ ನುಂಗಿ ಕೂರುತ್ತಿದ್ದವು ಅಂತ ಸೋವಿಯತ್ ವಿಜ್ಞಾನಿಗಳು 1974ರಲ್ಲೇ ತೋರಿಸಿದರು. ಇದ್ದಿದ್ದರೂ ಬೇಗ ಕುಸಿದಿರಬೇಕು. ಚುಕ್ಕೆಗಳೆಂದರೆ ಒಂಟಿ ಧ್ರುವದ ಕಾಂತಗಳು. 1982ರ ಫೆಬ್ರವರಿ 14ರಂದು ಸ್ಟಾನ್‌ಫರ್ಡ್‌ನಲ್ಲಿ ಬ್ಲಾಸ್ ಕಬ್ರೇರಾ ಅವರ ಉಪಕರಣಕ್ಕೆ ಒಂದು ಸಿಕ್ಕಿತೇನೋ ಎನಿಸಿತ್ತು. ಆಮೇಲೆ ಯಾರಿಗೂ ಸಿಗಲಿಲ್ಲ.

ಈಗ ಭೂಮಿ ಸೀಳುವ ಕಥೆ. ನೇರವಾದ ದಾರ ಪಕ್ಕದಲ್ಲಿ ಸುಮ್ಮನೆ ಇದ್ದರೆ ಅದು ನಿಮ್ಮನ್ನು ಎಳೆಯುವುದೇ ಇಲ್ಲ. ಅಷ್ಟು ತೂಕವಿದ್ದೂ ಸೆಳೆತ ಸೊನ್ನೆ. ದಾರದ ಉದ್ದಕ್ಕೂ ಇರುವ ಬಿಗಿತ ತೂಕದ ಸೆಳೆತವನ್ನು ಹೊಡೆದುಹಾಕುತ್ತದೆ. ಅದು ಮಾಡುವುದು ಬೇರೆ ಕೆಲಸ: ತನ್ನ ಸುತ್ತಲಿನ ಜಾಗದಲ್ಲಿ ಒಂದು ಸಣ್ಣ ಕೋನವನ್ನು ಕತ್ತರಿಸಿ ತೆಗೆದಂತೆ ಮಾಡುತ್ತದೆ. ಒಂದು ವೃತ್ತದ ಕಾಗದದಿಂದ ತೆಳ್ಳನೆ ಹೋಳು ಕತ್ತರಿಸಿ ಅಂಚು ಕೂಡಿಸಿದರೆ ಕಾಗದ ಶಂಕುವಾಗುತ್ತದೆ, ಅಲ್ವಾ? ಹಾಗೆ. ಅಂಥ ದಾರ ನಿಮ್ಮನ್ನು ಹಾದುಹೋದರೆ ಎಡಭಾಗ ಬಲಭಾಗಗಳು ಒಂದರ ಕಡೆಗೊಂದು ಚಲಿಸತೊಡಗುತ್ತವೆ. ಹಳೆಯ ಅತಿ ಭಾರದ ದಾರ ಬೆಳಕಿನ ಅರ್ಧ ವೇಗದಲ್ಲಿ ಬಂದರೆ ಆ ವೇಗ ಸೆಕೆಂಡಿಗೆ ಸುಮಾರು 4 ಕಿ.ಮೀ. ಬದುಕುವ ಮಾತೇ ಇಲ್ಲ. ವಿಡಿಯೊದವರು ಹಿಡಿದುಕೊಂಡಿರುವುದು ಈ ಅಂಕಿಯನ್ನೇ ಇರಬೇಕು. ಆದರೆ ಅಷ್ಟು ಭಾರದ ದಾರ ಇಲ್ಲ ಅಂತ ಈಗಾಗಲೇ ಗೊತ್ತಾಗಿದೆ. ಇದ್ದಿದ್ದರೆ ಮಹಾಸ್ಫೋಟದ ನಂತರ 3,80,000 ವರ್ಷಕ್ಕೆ ಹೊರಟ ಹಿನ್ನೆಲೆ ಬೆಳಕಿನಲ್ಲಿ ಅದರ ಗುರುತು ಇರಬೇಕಿತ್ತು. ಪ್ಲಾಂಕ್ ಉಪಗ್ರಹ ನೋಡಿತು, ಇಲ್ಲ. ಈಗ ಚರ್ಚೆಯಲ್ಲಿ ಉಳಿದಿರುವ ದಾರಗಳು ಅದಕ್ಕಿಂತ ಲಕ್ಷ ಪಟ್ಟು ಹಗುರ. 55 ಮೀಟರ್ ಅಂದೆನಲ್ಲ, ಈಗ ಚಂದ್ರನ ತೂಕಕ್ಕೆ 5,500 ಕಿ.ಮೀ. ದಾರ ಬೇಕು. ಅದು ಹಾದರೆ ವೇಗ ಸೆಕೆಂಡಿಗೆ 4 ಸೆಂ.ಮೀ. ಇಡೀ ಭೂಮಿಯನ್ನು ಹಾದರೆ ನೆಲ ನಡುಗೀತು, ಅದು ನಿಜ. ಆದರೆ ಉದ್ದನೆಯ ದಾರಗಳು ನಮಗೆ ಕಾಣುವ ಇಡೀ ವಿಶ್ವದಲ್ಲಿ ಹತ್ತಾರು ಇದ್ದರೆ ಹೆಚ್ಚು. ಅವುಗಳಲ್ಲಿ ಒಂದು ಹುಡುಕಿಕೊಂಡು ತರೀಕೆರೆಗೆ ಬರುವುದಿಲ್ಲ. ದಾರಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಓಡಾಡಲು ನಿಮ್ಮ ಬಾಮೈದನಿಗೆ ಹೇಳಿ, ಅದು ಕೆಲಸಕ್ಕೆ ಬರುವ ಎಚ್ಚರಿಕೆ.

ಕಾಣದ ದಾರವನ್ನು ಹುಡುಕುವುದು ಹೇಗೆ? ಇಲ್ಲಿಂದ ಮುಂದೆ ನಿಮ್ಮ ಮಗಳ ವಿಷಯ. ದಾರ ಬಿಗಿಯಾಗಿದೆ, ಹಾಗಾಗಿ ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಬಡಿದಾಡುತ್ತದೆ. ಎರಡು ದಾರ ಅಡ್ಡಹಾಯ್ದರೆ ತುದಿ ಬದಲಿಸಿಕೊಳ್ಳುತ್ತವೆ, ಬಳೆಗಳು ಕಳಚಿ ಬೀಳುತ್ತವೆ, ಆ ಹನಿಯಲ್ಲಿ ನಾನು ಕಂಡ ಹಾಗೆಯೇ. ಬಳೆ ನಡುಗುತ್ತಾ ತನ್ನ ತೂಕವನ್ನು ಗುರುತ್ವದ ಅಲೆಗಳಾಗಿ ಕಳೆದುಕೊಳ್ಳುತ್ತದೆ, ಸವೆಯುತ್ತದೆ. ನಡುಗುವಾಗ ಕೆಲವು ಬಿಂದುಗಳು ಒಂದು ಗಳಿಗೆ ಬೆಳಕಿನ ವೇಗವನ್ನೇ ಮುಟ್ಟುತ್ತವೆ. ಚಾವಟಿ ಬೀಸಿದಾಗ ತುದಿಯಲ್ಲಿ ಚಟೀರ್ ಅನ್ನುತ್ತದಲ್ಲ, ಅಂಥ ಒಂದು ಹೊಡೆತ ಅಲ್ಲಿಂದ ಹೊರಡುತ್ತದೆ. ಹಗುರ ದಾರದ ಒಂದು ಬಳೆ, ಒಂದು ಜ್ಯೋತಿರ್ವರ್ಷ ಉದ್ದದ್ದು ಅಂತಿಟ್ಟುಕೊಳ್ಳಿ, ಪೂರ್ತಿ ಸವೆಯಲು ಸುಮಾರು 200 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸಿನುದ್ದಕ್ಕೂ ಹುಟ್ಟಿದ ಲೆಕ್ಕವಿಲ್ಲದಷ್ಟು ಬಳೆಗಳ ಅಲೆಗಳೆಲ್ಲ ಕಲೆತು ಎಲ್ಲ ದಿಕ್ಕಿನಿಂದಲೂ ಒಂದು ಗುಂಯ್ ಎಂಬ ಹಿನ್ನೆಲೆ ಸದ್ದು. ನಾವು ಕಿವಿಗೊಡುವುದು ಅದಕ್ಕೆ. ಮೊದಲ 3,80,000 ವರ್ಷಗಳ ಬೆಳಕು ನಮಗೆ ತಲುಪುವುದಿಲ್ಲ, ಆಗಿನ ವಿಶ್ವ ಮಂಜು ಕವಿದ ಘಾಟಿಯ ಹಾಗಿತ್ತು. ಗುರುತ್ವದ ಅಲೆಗೆ ಆ ಮಂಜಿನ ಹಂಗಿಲ್ಲ. ಅದಕ್ಕೇ ಈ ಹುಚ್ಚು.

ಅಲೆ ಇರುವುದು ನಿಜವೇ ಎಂಬ ಅನುಮಾನ ಈಗ ಯಾರಿಗೂ ಇಲ್ಲ. ಐನ್‌ಸ್ಟೈನ್ 1916ರಲ್ಲಿ ಹೇಳಿದ್ದನ್ನು 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಎಂಬ ಯಂತ್ರ ಹಿಡಿಯಿತು. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು (ಬ್ಲ್ಯಾಕ್ ಹೋಲ್) ಡಿಕ್ಕಿ ಹೊಡೆದ ಅಲೆ ಅದು. ಲೈಗೊಗೆ ಕೇಳುವುದು ಸೆಕೆಂಡಿಗೆ ಹತ್ತಾರು, ನೂರಾರು ಬಾರಿ ಬಡಿಯುವ ಅಲೆ. ಒಂದು ಏರಿಳಿತಕ್ಕೆ ವರ್ಷಗಟ್ಟಲೆ ಹಿಡಿಯುವ ಅಲೆಯೂ ಉಂಟು. ಅದಕ್ಕೆ ನಾಲ್ಕು ಕಿ.ಮೀ. ಉದ್ದದ ಯಂತ್ರ ಏನೇನೂ ಸಾಲದು. ಆಕಾಶವನ್ನೇ ಯಂತ್ರ ಮಾಡಿಕೊಳ್ಳಬೇಕು.

ಮಾಡಿಕೊಂಡಿದ್ದೇವೆ. ಪಲ್ಸಾರ್ ಎಂಬ ಸತ್ತ ನಕ್ಷತ್ರಗಳಲ್ಲಿ ಕೆಲವು ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತವೆ. ಪ್ರತಿ ಸುತ್ತಿಗೂ ರೇಡಿಯೊ ಕಿರಣವೊಂದು ನಮ್ಮ ಕಡೆ ಬೀಸಿ ಹೋಗುತ್ತದೆ, ಗಡಿಯಾರದ ಟಿಕ್ ಇದ್ದ ಹಾಗೆ. ಗುರುತ್ವದ ಅಲೆ ಹಾದರೆ ಟಿಕ್‌ಗಳು ಒಂದಿಷ್ಟು ಬೇಗ ಅಥವಾ ತಡವಾಗಿ ಬರುತ್ತವೆ. ಎಷ್ಟು? ಹತ್ತಾರು ವರ್ಷಕ್ಕೆ ಸೆಕೆಂಡಿನ ಕೋಟಿಯಲ್ಲಿ ಕೆಲವು ಭಾಗ. ಒಂದು ಗಡಿಯಾರ ತಪ್ಪಿದರೆ ಅದು ಆ ಗಡಿಯಾರದ ಕಾಯಿಲೆ. ಎಲ್ಲವೂ ಒಂದು ಕ್ರಮದಲ್ಲಿ ತಪ್ಪಬೇಕು. ಯಾವ ಕ್ರಮ ಅಂತ ಹೆಲಿಂಗ್ಸ್ ಮತ್ತು ಡೌನ್ಸ್ 1983ರಲ್ಲಿ ಲೆಕ್ಕ ಹಾಕಿದ್ದರು. ಆಕಾಶದಲ್ಲಿ ಹತ್ತಿರವಿರುವ ಜೋಡಿಗಳು ಒಟ್ಟಿಗೆ ತಪ್ಪುತ್ತವೆ. ಹೆಚ್ಚುಕಡಿಮೆ 80 ಡಿಗ್ರಿ ದೂರದ ಜೋಡಿಗಳು ವಿರುದ್ಧ ದಿಕ್ಕಿಗೆ ತಪ್ಪುತ್ತವೆ. ಎದುರುಬದುರು ಇರುವವು ಮತ್ತೆ ಸ್ವಲ್ಪ ಒಟ್ಟಿಗೆ. ಅಮೆರಿಕ ಮತ್ತು ಕೆನಡಾದವರ ನ್ಯಾನೊಗ್ರಾವ್ ತಂಡ 67 ಪಲ್ಸಾರ್‌ಗಳನ್ನು 15 ವರ್ಷ ನೋಡಿತು. 67ರಲ್ಲಿ ಎಷ್ಟು ಜೋಡಿ ಅಂತ ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಕೊಡಿ. 2,211 ಬರಬೇಕು.

ನಮ್ಮವರೂ ಇದ್ದಾರೆ. ಪುಣೆಯಿಂದ ನಾಸಿಕ್ ಕಡೆ ಹೋಗುವ ದಾರಿಯಲ್ಲಿ ನಾರಾಯಣಗಾಂವ್ ಹತ್ತಿರ ಖೋಡದ್ ಎಂಬ ಊರಿದೆ. ಅಲ್ಲಿ ಗೋವಿಂದ ಸ್ವರೂಪ್ ಅವರ ತಂಡ ಕಟ್ಟಿದ ಜಿ.ಎಂ.ಆರ್.ಟಿ. ಎಂಬ ರೇಡಿಯೊ ದೂರದರ್ಶಕ ಇದೆ. ತಂತಿಬಲೆಯ 30 ತಟ್ಟೆಗಳು, ಒಂದೊಂದು 45 ಮೀಟರ್ ಅಗಲ. ಮೊದಲ ಸಲ ಹೋದಾಗ ನನಗೆ ಆಶ್ಚರ್ಯವಾದದ್ದು ತಟ್ಟೆ ನೋಡಿ ಅಲ್ಲ, ಮೊಬೈಲ್ ಆಫ್ ಮಾಡಿಸಿದ ರೀತಿ ನೋಡಿ. ದೂರದ ಪಲ್ಸಾರಿನ ಮುಂದೆ ನನ್ನ ಜೇಬಿನ ಫೋನು ಮೈಕ್ ಸೆಟ್ಟು ಹಚ್ಚಿದಂತೆ. ಪಲ್ಸಾರಿನಿಂದ ನಮ್ಮವರೆಗಿನ ದಾರಿಯಲ್ಲಿ ಎಲೆಕ್ಟ್ರಾನುಗಳು ಚದುರಿಕೊಂಡಿವೆ. ಅವು ಕಡಿಮೆ ಆವರ್ತನದ ಅಲೆಗಳನ್ನು ಜಾಸ್ತಿ ತಡಮಾಡುತ್ತವೆ. ಆ ತಡವನ್ನು ಸರಿಯಾಗಿ ಕಳೆಯದಿದ್ದರೆ ಅದೇ ಗುರುತ್ವದ ಅಲೆಯಂತೆ ಕಂಡೀತು. ಕಡಿಮೆ ಆವರ್ತನದಲ್ಲಿ ನೋಡಿ ಆ ತಡವನ್ನು ಅಳೆಯುವುದರಲ್ಲಿ ಖೋಡದ್‌ನ ತಟ್ಟೆಗಳು ಗಟ್ಟಿ. ಇದನ್ನು ಬಳಸುವ ಭಾರತ-ಜಪಾನ್ ತಂಡದ ಹೆಸರು ಇನ್‌ಪಿಟಿಎ. ಬೆಂಗಳೂರಿನ ರಾಮನ್ ಸಂಸ್ಥೆಯವರೂ ಅದರಲ್ಲಿದ್ದಾರೆ.

2023ರ ಜೂನ್ ಕೊನೆಯಲ್ಲಿ ಅಮೆರಿಕ, ಯೂರೋಪ್ ಜೊತೆ ಭಾರತ, ಆಸ್ಟ್ರೇಲಿಯ, ಚೀನಾ ತಂಡಗಳು ಒಟ್ಟಿಗೆ ಹೇಳಿದ್ದು ಇದನ್ನೇ: ಗಡಿಯಾರಗಳು ಆ ಕ್ರಮದಲ್ಲಿ ತಪ್ಪುತ್ತಿರುವುದಕ್ಕೆ ಪುರಾವೆ ಸಿಕ್ಕಿದೆ. ‘ಕಂಡುಹಿಡಿದೆವು’ ಅನ್ನಲಿಲ್ಲ, ‘ಪುರಾವೆ’ ಅಂದರು. ನಮ್ಮ ಕೆಲಸದಲ್ಲಿ ಈ ಎರಡು ಪದಗಳ ನಡುವೆ ವರ್ಷಗಟ್ಟಲೆ ದುಡಿಮೆ ಇರುತ್ತದೆ. ದಾರದ ಮಾತಂತೂ ಸಾಬೀತಿನ ಹತ್ತಿರಕ್ಕೂ ಬಂದಿಲ್ಲ.

ಆ ಗುಂಯ್ ಸದ್ದು ಯಾರದು? ಹೆಚ್ಚಿನವರ ಉತ್ತರ, ನನ್ನದೂ ಅದೇ, ದೈತ್ಯ ಕಪ್ಪುಕುಳಿಗಳ ಜೋಡಿಗಳು. ಗೆಲಾಕ್ಸಿಗಳು ಕೂಡಿಕೊಂಡಾಗ ನಡುವಿನ ಕಪ್ಪುಕುಳಿಗಳೂ ಜೋಡಿಯಾಗಿ ಸುತ್ತುತ್ತವೆ. ಗೆಲಾಕ್ಸಿಗಳು ಇವೆ, ಕೂಡುತ್ತವೆ, ಕಪ್ಪುಕುಳಿಗಳು ಇವೆ. ಕಂಡಿರುವ ವಸ್ತು ಇರುವಾಗ ಕಾಣದ್ದನ್ನು ಕರೆಯುವುದೇಕೆ? ಆದರೂ ಲೆಕ್ಕ ಪೂರ್ತಿ ಕೂಡಿಲ್ಲ. ಸದ್ದಿನ ಏರಿಳಿತ ಕಪ್ಪುಕುಳಿಗಳ ಸರಳ ಲೆಕ್ಕಕ್ಕಿಂತ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಆ ಸಂದಿಯಲ್ಲೇ ದಾರದವರು ಕಾಲಿಟ್ಟಿರುವುದು. ಇಲ್ಲೊಂದು ತಮಾಷೆ ಇದೆ. ಕಿಬಲ್ ಅವರ ಮಾಮೂಲಿ ದಾರ ಈ ಮಾಹಿತಿಗೆ ಅಷ್ಟು ಚೆನ್ನಾಗಿ ಹೊಂದುವುದಿಲ್ಲ. ಅದರ ಸದ್ದು ಎಲ್ಲ ಸ್ವರಗಳಲ್ಲೂ ತೀರಾ ಸಮತಟ್ಟು, ಮಾಹಿತಿಯಲ್ಲಿ ಮೇಲಿನ ಸ್ವರಕ್ಕೆ ಹೋದಂತೆ ಏರು ಇದೆ. ಆ ದೂರದ ನೆಂಟ ಸೂಪರ್‌ಸ್ಟ್ರಿಂಗ್, ಇಲ್ಲವೇ ಕಾಲ ಕಳೆದಂತೆ ತುಂಡಾಗುವ ದಾರ, ಇವು ಪರವಾಗಿಲ್ಲ ಎನ್ನುವಷ್ಟು ಹೊಂದುತ್ತವೆ. ಇನ್ನೊಂದು ಕಡೆ ಲೈಗೊದವರು 2021ರಲ್ಲಿ ಬಳೆಗಳ ಕೆಲವು ಮಾದರಿಗಳ ಮೇಲೆ ಬಹಳ ಬಿಗಿ ಮಿತಿ ಹಾಕಿದ್ದಾರೆ. ಮಾದರಿ ಬದಲಿಸಿದರೆ ಮಿತಿ ಸಡಿಲ. ಬಳೆಗಳು ಎಷ್ಟು ದೊಡ್ಡದಾಗಿ ಕಳಚುತ್ತವೆ ಎಂಬ ಬಗ್ಗೆ ನಮ್ಮೊಳಗೇ ಒಮ್ಮತ ಇಲ್ಲ. ಈ ಜಗಳ ನಿಮ್ಮ ಮಗಳಿಗೆ ಗೊತ್ತಿದೆಯೇ ಕೇಳಿ. ಗೊತ್ತಿದ್ದೂ ಹಟ ಹಿಡಿದಿದ್ದರೆ ಅವಳು ವಿಡಿಯೊ ನೋಡಿ ಮರುಳಾದವಳಲ್ಲ.

ತೀರ್ಮಾನ ಹೇಗೆ ಆದೀತು? ಕಪ್ಪುಕುಳಿಗಳ ಸದ್ದು ಅತಿ ಕೆಳಗಿನ ಸ್ವರಗಳಲ್ಲೇ ಮುಗಿಯುತ್ತದೆ, ಡಿಕ್ಕಿ ಹೊಡೆದ ಮೇಲೆ ಸುತ್ತುವುದಕ್ಕೇನಿದೆ. ದಾರದ ಸದ್ದು ಕೆಳಗಿನಿಂದ ಮೇಲಿನವರೆಗೆ ಉದ್ದಕ್ಕೂ ಇರುತ್ತದೆ. ಹಾಗಾಗಿ ನಡುವಿನ ಸ್ವರಗಳಲ್ಲಿ ಕೇಳಿದರೆ ಗೊತ್ತಾಗುತ್ತದೆ. ಅದಕ್ಕೇ ಲೀಸಾ. 25 ಲಕ್ಷ ಕಿ.ಮೀ. ಅಂತರದಲ್ಲಿ ತ್ರಿಕೋನವಾಗಿ ತೇಲುವ ಮೂರು ನೌಕೆಗಳು. ಯೂರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದೆ, 2035ಕ್ಕೆ ಹಾರಿಸುವ ಯೋಜನೆ.

ಇಷ್ಟರ ಮೇಲೆ ನಿಮ್ಮ ನಿಜವಾದ ಪ್ರಶ್ನೆ. ಕಾಣದ್ದರ ಮೇಲೆ ವರ್ಷಗಳನ್ನು ಹಾಕಬಹುದೇ?

ನಮ್ಮ ಈ ಕ್ಷೇತ್ರದಲ್ಲಿ ಮುಖಭಂಗ ಹೊಸದಲ್ಲ. 2003ರಲ್ಲಿ ರಷ್ಯಾ-ಇಟಲಿಯ ತಂಡವೊಂದು ಆಕಾಶದಲ್ಲಿ ತದ್ರೂಪಿ ಜೋಡಿ ಗೆಲಾಕ್ಸಿ ಕಂಡು, ಮಧ್ಯೆ ಕಾಸ್ಮಿಕ್ ದಾರ ಇರಬೇಕು ಎಂದಿತು. ಒಂದೇ ಗೆಲಾಕ್ಸಿ ಎರಡಾಗಿ ಕಾಣುತ್ತಿದೆ ಎಂಬ ವಾದ. 2006ರಲ್ಲಿ ಹಬಲ್ ದೂರದರ್ಶಕ ತಿರುಗಿಸಿ ನೋಡಿದರೆ ನಿಜಕ್ಕೂ ಎರಡು ಬೇರೆ ಬೇರೆ ಗೆಲಾಕ್ಸಿಗಳು. 2014ರ ಮಾರ್ಚ್‌ನಲ್ಲಿ ಬೈಸೆಪ್-2 ತಂಡ ಆದಿವಿಶ್ವದ ಗುರುತ್ವದ ಅಲೆಯ ಗುರುತು ಸಿಕ್ಕಿತು ಎಂದಾಗ ನಾವು ಲ್ಯಾಬಿನಲ್ಲಿ ಮೈಸೂರು ಪಾಕು ಹಂಚಿದ್ದೆವು. ಒಂದು ವರ್ಷ ತುಂಬುವುದರೊಳಗೆ ಅದು ನಮ್ಮ ಗೆಲಾಕ್ಸಿಯ ಧೂಳು ಅಂತ ತಿಳಿಯಿತು. ಮೈಸೂರು ಪಾಕು ವಾಪಸ್ ಕೊಡುವಂತಿರಲಿಲ್ಲ.

ಆದರೆ ‘ಇಲ್ಲ’ ಎಂಬುದೂ ಇಲ್ಲಿ ಫಲಿತಾಂಶವೇ. ನನ್ನ ಸ್ವಂತ ಪ್ರಬಂಧದ ಅರ್ಧಭಾಗ ಇಂಥ ಇಲ್ಲಗಳೇ. ದಾರದ ತೂಕದ ಮಿತಿ ನಾಲ್ಕು ದಶಕಗಳಲ್ಲಿ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಕೆಳಗಿಳಿದದ್ದು ಕಾಣದೇ ಇದ್ದದ್ದರಿಂದ. ಅಷ್ಟರಮಟ್ಟಿಗೆ ಆದಿವಿಶ್ವ ಹೇಗಿರಲಿಲ್ಲ ಅಂತ ತಿಳಿದಿದೆ. ಅಪಾಯ ಇರುವುದು ಕಾಣದ ವಸ್ತುವಿನಲ್ಲಲ್ಲ. ಇಡೀ ಪ್ರಬಂಧವನ್ನು ‘ಹೌದು’ ಎಂಬ ಒಂದೇ ಉತ್ತರಕ್ಕೆ ಕಟ್ಟಿಹಾಕುವುದರಲ್ಲಿ.

ಬರೀ ಸಿದ್ಧಾಂತದ ದಾರಿ ಹಿಡಿದರೆ ಅವಳಿಗೆ ಸ್ವಾತಂತ್ರ್ಯ ಜಾಸ್ತಿ, ಕಾಗದ ಪೆನ್ನು ಕಂಪ್ಯೂಟರ್ ಸಾಕು. ಆದರೆ ಕೆಲಸಗಳು ಕಡಿಮೆ. ಪಿಎಚ್.ಡಿ. ಆದಮೇಲೆ ಎರಡು ಮೂರು ತಾತ್ಕಾಲಿಕ ಸಂಶೋಧನೆಯ ಕೆಲಸ, ಅಂದರೆ ಪೋಸ್ಟ್‌ಡಾಕ್, ಒಂದೊಂದು ದೇಶದಲ್ಲಿ. ಮೂವತ್ತೈದು ದಾಟಿದರೂ ಕಾಯಂ ಕೆಲಸ ಸಿಗದ ಬುದ್ಧಿವಂತರನ್ನು ನಾನು ಬಲ್ಲೆ. ಮದುವೆ, ಮನೆ ಇವುಗಳ ಮಾತು ಮನೆಯಲ್ಲಿ ಬರುವುದೂ ಅದೇ ಹೊತ್ತಿಗೆ, ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಪಲ್ಸಾರ್ ಮಾಹಿತಿಯ ದಾರಿಯಲ್ಲಿ ಇವತ್ತೇ ಕೈಗೆ ಕೆಲಸ ಇದೆ, ದಾರ ಇಲ್ಲದಿದ್ದರೂ ಕಪ್ಪುಕುಳಿ ಇದೆ. ಅಲ್ಲಿನ ತೊಂದರೆ ಬೇರೆ. ಒಂದು ಲೇಖನಕ್ಕೆ ನೂರು ಜನರ ಹೆಸರು, ಅದರಲ್ಲಿ ಇವಳದು ಯಾವುದು ಅಂತ ತೋರಿಸುವುದು ಕಷ್ಟ. ಮೊದಲಿನಿಂದಲೇ ತನ್ನ ಪಾಲಿನ ಒಂದು ತುಂಡನ್ನು ಹಿಡಿದುಕೊಳ್ಳಬೇಕು. ಮೂರನೆಯದು ಲೈಗೊ ಕಡೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ಕಟ್ಟಲು 2023ರ ಏಪ್ರಿಲ್‌ನಲ್ಲಿ ಕೇಂದ್ರ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಒಳ್ಳೆಯದೇ. ಆದರೆ ಇಷ್ಟು ದೊಡ್ಡ ಯಂತ್ರಗಳು ಹೇಳಿದ ವರ್ಷಕ್ಕೆ ಶುರುವಾಗುವುದು ಅಪರೂಪ. ಯಂತ್ರ ನಂಬಿಕೊಂಡು ಪಿಎಚ್.ಡಿ. ಗಡುವು ಹಾಕಿಕೊಳ್ಳಬಾರದು.

ನನ್ನ ಮಗಳಾಗಿದ್ದರೆ ನಾನು ಎರಡನೆಯದಕ್ಕೆ ತಳ್ಳುತ್ತಿದ್ದೆ. ದಾರ ಪ್ರಬಂಧದ ಒಂದು ಅಧ್ಯಾಯ ಆಗಿರಲಿ, ಪೂರ್ತಿ ಪುಸ್ತಕ ಬೇಡ. ಆ ಐದಾರು ವರ್ಷದಲ್ಲಿ ಗದ್ದಲದೊಳಗಿಂದ ಸಣ್ಣ ಸದ್ದು ಹೆಕ್ಕುವ ವಿದ್ಯೆ, ಸಂಭವನೀಯತೆಯ ಲೆಕ್ಕ, ಪ್ರೋಗ್ರಾಮಿಂಗ್ ಕೈಗೆ ಹತ್ತುತ್ತವೆ. ನನ್ನ ಜೊತೆಯವರಲ್ಲಿ ಅರ್ಧ ಜನ ಈಗ ಬೇರೆ ಕೆಲಸಗಳಲ್ಲಿದ್ದಾರೆ, ಯಾರೂ ಹಸಿದುಕೊಂಡಿಲ್ಲ. ಖರ್ಚಿನ ಮಾತು: ನೆಟ್ ಪರೀಕ್ಷೆ ಪಾಸಾಗಿ ಸಂಶೋಧನಾ ವೇತನವಾದ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ನನಗೂ ಆಗಿತ್ತು. ಮೂರು ತಿಂಗಳ ಬಾಡಿಗೆಯಷ್ಟು ಕೈಯಲ್ಲಿ ಇಟ್ಟುಕೊಂಡಿರಲಿ.

ವಿಷಯಕ್ಕಿಂತ ಗೈಡ್ ಮುಖ್ಯ, ಇದನ್ನು ಮಾತ್ರ ಅಡಿಗೆರೆ ಹಾಕಿ ಹೇಳುತ್ತೇನೆ. ಸೇರುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಎಷ್ಟು ವರ್ಷಕ್ಕೆ ಮುಗಿಸಿದರು ಅಂತ ಆ ವಿದ್ಯಾರ್ಥಿಗಳನ್ನೇ ಕೇಳಲಿ. ‘ದಾರ ಇಲ್ಲ ಅಂತಾದರೆ ನನ್ನ ಪ್ರಬಂಧದಲ್ಲಿ ಏನು ಉಳಿಯುತ್ತದೆ?’ ಅಂತ ಗೈಡ್‌ನ ಎದುರಿಗೇ ಕೇಳಲಿ. ಅದಕ್ಕೆ ಸಿಟ್ಟಾಗುವವರ ಹತ್ತಿರ ಸೇರುವುದು ಬೇಡ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಐಸಿಟಿಎಸ್‌ನಲ್ಲಿ ಗುರುತ್ವದ ಅಲೆಗಳ ಬೇಸಿಗೆ ಶಾಲೆ ನಡೆಯುತ್ತದೆ. ಒಂದು ಸಲ ಹೋಗಿ ಕೂತು ಬಂದರೆ ಈ ಕೆಲಸ ಅವಳ ಮೈಗೆ ಒಗ್ಗುತ್ತದೆಯೋ ಇಲ್ಲವೋ ಅವಳಿಗೇ ತಿಳಿಯುತ್ತದೆ.

ಅಮ್ಮನವರು ಮತ್ತೆ ಕೇಳಿದರೆ ದೋಷ ಅನ್ನಬೇಡಿ, ಮೊಮ್ಮಗಳು ಸುಳಿ ನೋಡುವುದನ್ನು ಕಲಿಯುತ್ತಾಳಂತೆ ಅನ್ನಿ. ಸಂತೆಯಲ್ಲಿ ಎತ್ತಿನ ಸುಳಿ ನೋಡಿ ಕೊಂಡ ಕಾಲದವರು, ಅವರಿಗೆ ಅರ್ಥವಾಗುತ್ತದೆ.